ಎಡಗಡೆಯ ಗುಡ್ಡ

ಕಾರು ಸ್ಟಾರ್ಟಾಗಿ ಅಷ್ಟು ಹೊತ್ತಾದರೂ ಹೊರಡಲಿಲ್ಲ. ಪುಷ್ಪಲತಾ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಗೇರು ಹಾಕಿ, ಕ್ಲಚ್ಚು ಒತ್ತಿಕೊಂಡು ಸುಮ್ಮನೆ ಮುಂದೆ ನೋಡುತ್ತಾ ಕೂತಿದ್ದಳು. ಅವಳು ಯಾತಕ್ಕೆ ಕಾಯುತ್ತಿದ್ದಾಳೆ ಎನ್ನುವುದು ಎಡಗಡೆಯ ಸೀಟಿನಲ್ಲಿದ್ದ ಗಂಡ ಹಾಲಸ್ವಾಮಿಗೆ ಚೆನ್ನಾಗಿ ಗೊತ್ತಿತ್ತು. ಯಾರಾದರೂ ರೈಟ್ ಅನ್ನಬೇಕು. ಬಸ್ಸಿನ ಬಾಗಿಲಲ್ಲಿ ನಿಂತು ವರ್ಷಗಟ್ಟಲೆ ತಾನೇ ಅದನ್ನು ಕೂಗಿದವಳಿಗೆ, ಯಾರೂ ಏನೂ ಅನ್ನದೆ ಗಾಡಿ ತನ್ನಷ್ಟಕ್ಕೆ ಹೊರಡಬಹುದು ಎನ್ನುವುದು ಇನ್ನೂ ನಂಬಿಕೆಗೆ ಬಂದಿರಲಿಲ್ಲ. ಹಾಲಸ್ವಾಮಿ ಬಾಯಿ ಬಿಡಲಿಲ್ಲ. ಅದು ಕಂಡಕ್ಟರನ ಮಾತು. ಡ್ರೈವರ್ ಆದವನು ಆ ಮಾತನ್ನು ಕೇಳುತ್ತಾನೆಯೇ ಹೊರತು ಅನ್ನುವುದಿಲ್ಲ, ಅವನ ಸರ್ವಿಸ್ಸಿನಲ್ಲಿ ಒಂದು ಸಲವೂ ಅಂದದ್ದಿಲ್ಲ. ಹಿಂದಿನ ಸೀಟಿನಿಂದ ಅವನ ಅಕ್ಕ ಹಂಪಕ್ಕ ಮುಂದಕ್ಕೆ ಬಾಗಿ, "ಯಾರ್ನ ಕಾಯಾಕ ಹತ್ತೀರಿ? ಇನ್ನೂ ಯಾರರ ಬರೋರು ಅದಾರೇನು?" ಎಂದಳು. "ಯಾರಿಲ್ಲ ಬಿಡ್ರಿ ಹಂಪಕ್ಕ" ಎಂದು ಪುಷ್ಪಲತಾ ತನಗೆ ತಾನೇ ಮೆಲ್ಲಗೆ ರೈಟ್ ಅಂದುಕೊಂಡು ಕ್ಲಚ್ಚು ಬಿಟ್ಟಳು. ಕಾರು ಒಂದು ಸಲ ಕುಪ್ಪಳಿಸಿ, ಕೊಟ್ಟೂರಿನ ಅವರ ಓಣಿಯನ್ನು ದಾಟಿ, ಕೂಡ್ಲಿಗಿ ರಸ್ತೆಗೆ ಬಂತು.

ಆ ಕುಪ್ಪಳಿಕೆ ಹಾಲಸ್ವಾಮಿಯ ಎದೆಯೊಳಗೇ ಆದಂತಾಯಿತು. ಅವನ ಬಲಗಾಲು ತನ್ನಷ್ಟಕ್ಕೆ ತಾನು ಮುಂದೆ ಹೋಗಿ, ಇಲ್ಲದ ಬ್ರೇಕನ್ನು ಒತ್ತಿತು. ಹಾಗೆ ಒತ್ತಬಾರದೆಂದು ರಾತ್ರಿಯೇ ನಿಶ್ಚಯ ಮಾಡಿದ್ದ. ಕಾಲ ಮೇಲೆ ಕಾಲು ಹಾಕಿಕೊಂಡು, ಕೈಕಟ್ಟಿಕೊಂಡು, ಸಾಹೇಬನ ಹಾಗೆ ಕೂತುಬಿಡಬೇಕು ಎಂದುಕೊಂಡಿದ್ದ. ಓಣಿಯ ತುದಿಯಲ್ಲಿ ಕಿರಾಣಿ ಅಂಗಡಿಯ ಗುರುಬಸವರಾಜ ತಲೆಯೆತ್ತಿ, "ಏನ್ ಸ್ವಾಮೇರ, ಇವತ್ತೂ ಅಮ್ಮಾರದ ಡ್ಯೂಟಿ?" ಎಂದು ನಕ್ಕದ್ದಕ್ಕೆ, ನಡು ಮುಟ್ಟಿಕೊಂಡು ತೋರಿಸಿದ. ನಡುನೋವು. ಊರಿಗೆಲ್ಲ ಅವನು ಹೇಳಿರುವುದು ಅದೇ. ಬಸ್ಸು ಓಡಿಸಿ ಓಡಿಸಿ ನಡು ಹೋಯಿತು, ಅದಕ್ಕೇ ಇನ್ನೂ ಸರ್ವಿಸ್ ಇರುವಾಗಲೇ ಬಿಟ್ಟುಬಂದೆ. ಒಡಹುಟ್ಟಿದ ಅಕ್ಕನಿಗೂ ಅದನ್ನೇ ಹೇಳಿದ್ದ. ನಡುನೋವಿನಲ್ಲಿ ಒಂದು ಮರ್ಯಾದೆಯಿದೆ, ಅದು ದುಡಿದವನಿಗೆ ಬರುತ್ತದೆ. ಎಡಗಣ್ಣಿನ ನರ ಒಣಗಿಹೋಗಿದೆ ಎಂದು ಬಳ್ಳಾರಿಯ ಡಾಕ್ಟರು ಹೇಳಿದ್ದು ಡಿಪೋದವರನ್ನು ಬಿಟ್ಟರೆ ಪುಷ್ಪಲತಾಗೆ ಮಾತ್ರ ಗೊತ್ತು. ಡಿಪೋದಲ್ಲಿ ಕಣ್ಣಿನ ಪರೀಕ್ಷೆಯ ದಿನ, ಸಾಲಿನಲ್ಲಿ ಮುಂದೆ ನಿಂತವನು ಗೋಡೆಯ ಅಕ್ಷರಗಳನ್ನು ಓದುವುದನ್ನು ಕೇಳಿಸಿಕೊಂಡು ಹಾಲಸ್ವಾಮಿ ಬಾಯಿಪಾಠ ಮಾಡಿಕೊಂಡಿದ್ದ. ಅವನ ಸರದಿ ಬಂದಾಗ ಪರೀಕ್ಷೆ ಮಾಡುವ ಹುಡುಗಿ, ಇನ್ನೂ ಮೀಸೆ ಮೂಡದ ಮಗನನ್ನು ಮಾತಾಡಿಸುವವಳ ಹಾಗೆ ಮೆತ್ತಗೆ, "ಅಂಕಲ್, ಈಗ ಕೆಳಗಿಂದ ಮೇಲಕ್ಕೆ ಓದ್ರಿ" ಎಂದಳು. ಅವನಿಗೆ ಗೋಡೆಯೇ ಕಾಣಲಿಲ್ಲ. ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮಿದರು. ಆ ಕೆಮ್ಮು ಇವತ್ತಿಗೂ ಕೆಲವು ಸಲ, ಊಟ ಮಾಡುವಾಗ, ಸುಮ್ಮನೆ ಕೇಳಿಬರುತ್ತದೆ.

ಎಡಗಡೆಯ ಸೀಟಿನಲ್ಲಿ ಕೂತದ್ದರಿಂದ ಒಂದು ವಿಚಿತ್ರವಾಗಿತ್ತು. ಅವನ ಒಳ್ಳೆಯ ಕಣ್ಣಿಗೆ ಈಗ ಹೆಂಡತಿಯೇ ಕಾಣುತ್ತಿದ್ದಳು. ಬಸ್ಸಿನಲ್ಲಿ ಅವಳು ಯಾವಾಗಲೂ ಅವನ ಎಡಕ್ಕೆ, ಹಿಂದಕ್ಕೆ, ಜನರ ನಡುವೆ ಎಲ್ಲೋ ಇರುತ್ತಿದ್ದಳು. ಅವನಿಗೆ ಅವಳೆಂದರೆ ಬರೀ ದನಿ, ಮತ್ತು ಸೀಟಿ. ಒಂದೇ ಸೀಟಿ ಅಂದರೆ ನಿಲ್ಲು, ಎರಡು ಅಂದರೆ ಹೊರಡು. ಗಂಡ ಹೆಂಡಿರಿಗೆ ಒಂದೇ ಗಾಡಿ ಕೊಡುವುದು ಡಿಪೋದಲ್ಲಿ ರೂಢಿಯಿರಲಿಲ್ಲ. ಹರಪನಹಳ್ಳಿಯಿಂದ ಗುಡೇಕೋಟೆಯ ಕಡೆಗೆ ಯಾರೂ ಹೋಗಲೊಲ್ಲದೆ ಉಳಿದ ಗಾಡಿಯಾದ್ದರಿಂದ ಕೊಟ್ಟಿದ್ದರು. ಡ್ಯೂಟಿಯ ಮೇಲೆ ಅವಳು ಅವನನ್ನು ಒಮ್ಮೆಯೂ ರೀ ಎಂದು ಕರೆದವಳಲ್ಲ. "ಡ್ರೈವರ್ರೇ, ಹೋಲ್ಡಾನ್." "ಡ್ರೈವರ್ರೇ, ಮುದುಕಿ ಇಳೀಲಿ, ತಡೀರಿ." ಅವನಿಗೆ ಅದರಿಂದ ಹೆಮ್ಮೆಯಾಗುತ್ತಿತ್ತು. ಮನೆಯಲ್ಲಿ ಬೇಕಾದರೆ ಅವನು ಗಂಡ, ಅದು ಎಲ್ಲರೂ ಆಗುತ್ತಾರೆ. ಬಸ್ಸಿನಲ್ಲಿ ಅವನು ಡ್ರೈವರ್. ಈಗ ಅವಳ ಮುಖವನ್ನು ಪಕ್ಕದಿಂದ ನೋಡುತ್ತಾ, ಕಿವಿಯ ಹತ್ತಿರ ಕೂದಲು ಇಷ್ಟು ಬೆಳ್ಳಗಾದದ್ದು ಯಾವಾಗ ಎಂದುಕೊಂಡ. ಕೆಳತುಟಿ ಕಚ್ಚಿಕೊಂಡು ಓಡಿಸುತ್ತಿದ್ದಳು. ಎದುರಿಗೆ ಮೆಕ್ಕೆಜೋಳದ ಲಾರಿ ಬಂದಾಗಲೆಲ್ಲ ಉಸಿರು ಹಿಡಿದು, ಅದು ದಾಟಿದ ಮೇಲೆ ಬಿಡುತ್ತಿದ್ದಳು. "ಗೇರು ಬದಲಿ ಮಾಡು. ಗಾಡಿ ಅಳ್ತೈತಿ, ಕೇಳ್ಸೋದಿಲ್ಲೇನು?" ಎಂದ. ಅವಳು ಬದಲಿಸಿದಳು. ಗಾಡಿ ಅಳುವುದು ನಿಂತಿತು. ಅವನಿಗೆ ಸಮಾಧಾನವಾಗುವ ಬದಲು ಕೆಡುಕೆನಿಸಿತು, ಹೇಳುವುದಕ್ಕೆ ಇನ್ನೇನೂ ಉಳಿಯಲಿಲ್ಲವಲ್ಲ ಎಂದು.

ಅವನ ಮನಸ್ಸೆಲ್ಲ ಗುಡ್ಡದ ಮೇಲಿತ್ತು. ಗುಡೇಕೋಟೆಗೆ ಹೋಗುವಾಗ ಎಡಗಡೆಗೆ ಸಿಗುವ ಆ ಉದ್ದನೆಯ ಗುಡ್ಡದ ಮೇಲೆ ಕರೆಂಟು ತೆಗೆಯುವ ಫ್ಯಾನಿನ ಗಾಳಿಕಂಬ ನಿಲ್ಲಿಸಿದ ಕಂಪನಿಯವರು ಒಳ್ಳೆ ಮಣ್ಣಿನ ರಸ್ತೆ ಮಾಡಿದ್ದಾರೆ. ಮಳೆ ಮುಗಿದ ಮೇಲೆ ಅಲ್ಲಿ ಹುಲ್ಲು ಎದೆಮಟ್ಟ ಬರುತ್ತದೆ, ಹೂವಾಗುತ್ತದೆ, ಕಾರು ಕಲಿತ ಹೊಸಬರೂ ಆರಾಮಾಗಿ ಹೋಗಿಬರಬಹುದು ಎಂದು ಪುಷ್ಪಲತಾಗೆ ಯಾರೋ ಪ್ಯಾಸೆಂಜರು ಹೇಳಿದ್ದರಂತೆ. ಹಂಪಕ್ಕನಿಗೆ ಆ ಫ್ಯಾನುಗಳನ್ನು ಬುಡದಲ್ಲಿ ನಿಂತು ನೋಡುವ ಆಸೆ. ಪುಷ್ಪಲತಾಗೆ ಇವತ್ತು ವಾರದ ರಜೆ. ಹಾಲಸ್ವಾಮಿ ಒಪ್ಪಿದ್ದು ಬೇರೆ ಲೆಕ್ಕಾಚಾರದಲ್ಲಿ. ರಾತ್ರಿ ಹಾಸಿಗೆಯಲ್ಲಿ ಗೋಡೆ ಕಡೆ ಮುಖ ಮಾಡಿಕೊಂಡು, "ಮ್ಯಾಲೆ ಹೋದ ಮ್ಯಾಲೆ ಸ್ವಲ್ಪ ದೂರ ನನಗ ಕೊಡು. ಅಲ್ಲಿ ಯಾರೂ ಇರಾದಿಲ್ಲ" ಎಂದಿದ್ದ. ಅವಳು ನಿದ್ದೆ ಬಂದವಳ ಹಾಗೆ ಮಲಗಿದ್ದಳು, ಆದರೆ ಉಸಿರಿನ ಲಯ ಎಚ್ಚರದ್ದಾಗಿತ್ತು. ಒಂದೇ ಒಂದು ಸಲ ಅಕ್ಕನ ಎದುರಿಗೆ ಓಡಿಸಬೇಕು. ತಮ್ಮ, ಹೆಂಡತಿಯ ಪಕ್ಕದಲ್ಲಿ ಮೂಟೆಯ ಹಾಗೆ ಕೂತು ಬಂದ ಎಂದು ಅಕ್ಕ ತನ್ನೂರು ಮರಿಯಮ್ಮನಹಳ್ಳಿಗೆ ಹೋಗಿ ಹೇಳಬಾರದು.

ಕೂಡ್ಲಿಗಿ ದಾಟಿ ಬಲಕ್ಕೆ ತಿರುಗಿದ ಮೇಲೆ ರಸ್ತೆ ಅವನ ಅಂಗೈಯಾಯಿತು. ಇಲ್ಲಿ ಹುಣಸೆಮರ, ಇಲ್ಲಿ ಬೀಳುತ್ತೇನೆ ಬೀಳುತ್ತೇನೆ ಎಂದು ನಿಂತೇ ಇರುವ ಗುಂಡುಕಲ್ಲು, ಇಲ್ಲಿ ಮಳೆಗಾಲದಲ್ಲಿ ಹಳ್ಳ ರಸ್ತೆಯ ಮೇಲೆ ಹರಿಯುತ್ತದೆ. ಇಲ್ಲಿಯೇ ಒಂದು ಬೆಳಿಗ್ಗೆ, ಒಲೆಯ ಮುಂದೆ ಶುರುವಾದ ಜಗಳ ಮುಗಿಯದೆ ಇಬ್ಬರೂ ಮುಖ ಗಂಟಿಕ್ಕಿಕೊಂಡು ಡ್ಯೂಟಿಗೆ ಬಂದ ದಿನ, ಅವನು ಉಳಿದ ಜಗಳವನ್ನು ಬ್ರೇಕಿನಲ್ಲಿ ತೀರಿಸಿದ್ದ. ಟಿಕೆಟ್ ಕೊಡುತ್ತಾ ನಡುವೆ ನಿಂತಿದ್ದ ಅವಳು ಮುಗ್ಗರಿಸಿ ಕಬ್ಬಿಣದ ಕಂಬಿಗೆ ಮೊಣಕೈ ಬಡಿದುಕೊಂಡಳು. ಒಬ್ಬ ಮುದುಕ, "ಎಮ್ಮಿ ತುಂಬಿಯೇನಲೇ ಗಾಡ್ಯಾಗ" ಎಂದು ಬೈದ. ಆ ದಿನವೆಲ್ಲ ಅವಳ ರೈಟ್ ಎಂಬ ಮಾತಿನಲ್ಲಿ ಒಂದಿಷ್ಟೂ ಏರಿಳಿತವಾಗಲಿಲ್ಲ. ರಾತ್ರಿ ಅವಳು ರವಿಕೆಯ ತೋಳು ಸರಿಸಿ ಎಣ್ಣೆ ಹಚ್ಚಿಕೊಳ್ಳುವಾಗ ಅವನು ಪೇಪರು ಓದುವವನ ಹಾಗೆ ಕೂತಿದ್ದ. ಈಗ ಅದೇ ತಿರುವಿನಲ್ಲಿ ಅವಳು ಕಾರಿನ ವೇಗ ಎಷ್ಟು ಮೆತ್ತಗೆ ಇಳಿಸಿದಳೆಂದರೆ ಹಿಂದೆ ಹಂಪಕ್ಕನ ಕೈಲಿದ್ದ ನೀರಿನ ಲೋಟ ತುಳುಕಲಿಲ್ಲ. ಹಾಲಸ್ವಾಮಿಗೆ ನಾಚಿಕೆಯಾಯಿತು. ನಾಚಿಕೆಯನ್ನು ಮುಚ್ಚಿಕೊಳ್ಳಲು, "ನಿನ್ನ ಪ್ರವೀಣಕುಮಾರ ಇಲ್ಲಿ ಹೆಂಗ ಹೊಡೀತಾನ?" ಎಂದು ಕೇಳಿದ. ಪ್ರವೀಣಕುಮಾರ್ ಎಂದರೆ ಈಗ ಅವಳ ಗಾಡಿಯ ಡ್ರೈವರ್, ಕಿವಿಗೆ ರಿಂಗು ಹಾಕಿಕೊಂಡ ಹುಡುಗ. "ಒಳ್ಳೇ ಹುಡುಗ ಅದಾನ. ಆದ್ರ ಸೀಟಿ ಊದೋಕ್ಕಿಂತ ಮುಂಚೆನೇ ಗಾಡಿ ಬಿಟ್ಟಬಿಡ್ತಾನ" ಎಂದಳು. ಈ ಮಾತು ಹಾಲಸ್ವಾಮಿಗೆ ಬೆಲ್ಲದಷ್ಟು ರುಚಿಸಿತು. ನಾಳೆ ಬೆಳಿಗ್ಗೆ ಅವಳು ಆ ಹುಡುಗನಿಗೆ ರೈಟ್ ಅನ್ನುತ್ತಾಳೆ ಎಂಬುದು ಮರುಗಳಿಗೆಯೇ ನೆನಪಾಗಿ ಬೆಲ್ಲ ಕರಗಿಹೋಯಿತು.

ಆ ಗುಡ್ಡ ಯಾವಾಗಲೂ ಎಡಗಡೆಗಿತ್ತು. ಹೋಗುವಾಗ ಬಸ್ಸು ಓಡಿಸುವವನಿಗೆ ಅದನ್ನು ನೋಡುವ ಪುರಸೊತ್ತಿರಲಿಲ್ಲ, ಬರುವಾಗ ಕತ್ತಲಾಗಿರುತ್ತಿತ್ತು. ಆದರೂ ಅದು ಅಲ್ಲಿದೆ ಎನ್ನುವುದು ಓಣಿಯಲ್ಲಿ ಪಕ್ಕದ ಮನೆಯಿದೆ ಎಂಬಷ್ಟು ಖಾತ್ರಿ. ಒಂದು ದಿನ ನೋಡುತ್ತಾನೆ, ಗುಡ್ಡ ಇಲ್ಲ. ಮಂಜಿರಬೇಕು ಎಂದುಕೊಂಡ. ಮರುದಿನವೂ ಇರಲಿಲ್ಲ. ಬಿಸಿಲು ಚುರುಗುಟ್ಟುವ ಹೊತ್ತಿನಲ್ಲಿಯೂ ಮಂಜು ಎಂದೇ ತನಗೆ ತಾನು ಹೇಳಿಕೊಂಡ. ಕೊನೆಗೆ ಕುತ್ತಿಗೆಯನ್ನು ಪೂರಾ ಎಡಕ್ಕೆ ತಿರುಗಿಸಿ ನೋಡಿದರೆ ಗುಡ್ಡ ತನ್ನ ಪಾಡಿಗೆ ತಾನು ಕೂತಿತ್ತು, ಹೋದದ್ದು ಅದಲ್ಲ. ಅದಾದ ಮೇಲೂ ಅವನು ಆ ಗಾಡಿಯನ್ನು ಓಡಿಸಿದ. ಎಷ್ಟು ದಿನ ಎನ್ನುವುದನ್ನು ನೆನೆಯಲು ಅವನಿಗೆ ಧೈರ್ಯವಿರಲಿಲ್ಲ. ಗಾಡಿ ತುಂಬ ಜನ, ಎಡಗಡೆಯ ಅಂಚಿನಲ್ಲಿ ದನ, ಸೈಕಲ್ಲು, ನೀರಿನ ಕೊಡ ಹೊತ್ತ ಹೆಂಗಸರು. ಆ ದಿನಗಳಲ್ಲಿ ಪುಷ್ಪಲತಾ ಹಿಂದೆ ಹೋಗಿ ಟಿಕೆಟ್ ಕೊಟ್ಟು ಮುಗಿಸಿ ಬೇಗ ಬೇಗ ಮುಂದಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. "ಎಡಕ್ಕ ಎತ್ತಿನಗಾಡಿ ಐತಿ, ಡ್ರೈವರ್ರೇ." ಇವಳಿಗ್ಯಾಕೆ ಅಧಿಕಪ್ರಸಂಗ ಎಂದು ಅವನಿಗೆ ಸಿಟ್ಟು ಬರುತ್ತಿತ್ತು. ಅವಳು ತನಗಿಂತ ಮೊದಲೇ ತಿಳಿದುಕೊಂಡಿದ್ದಳೇ? ಕೇಳಿದ್ದರೆ ಹೇಳುತ್ತಿದ್ದಳೋ ಏನೋ. ಅವನು ಕೇಳಲಿಲ್ಲ.

ಡಾಂಬರು ಬಿಟ್ಟು ಕಾರು ಎಡಕ್ಕೆ ಹೊರಳಿ, ಗುಡ್ಡದ ಕೆಂಪು ರಸ್ತೆಯನ್ನು ಹಿಡಿಯಿತು. ಅದು ಏರುರಸ್ತೆ ಎಂದು ಗೊತ್ತೇ ಆಗದಷ್ಟು ಉಪಾಯವಾಗಿ, ಸುತ್ತಿ ಸುತ್ತಿ ಮೇಲೆ ಹೋಗಿತ್ತು. ಜಾಲಿ, ಕಾರೆಗಿಡ ಹಿಂದೆ ಬಿದ್ದವು. ಒಂದು ತಿರುವು ಮುಗಿದದ್ದೇ ತಡ, ಎದುರಿಗೆಲ್ಲ ಹುಲ್ಲು. ಹಾಲಸ್ವಾಮಿ ಇಷ್ಟು ಹುಲ್ಲನ್ನು ಒಟ್ಟಿಗೆ ಕಂಡವನಲ್ಲ. ಹಸಿರು ಇನ್ನೂ ಪೂರಾ ಹೋಗಿರಲಿಲ್ಲ, ತುದಿಗಳು ಮಾತ್ರ ಕೆಂಪಗಾಗಿ, ಗಾಳಿಗೆ ಗುಡ್ಡವೇ ಮಗ್ಗುಲು ಬದಲಿಸಿದಂತೆ ಅತ್ತ ಬಾಗಿ ಇತ್ತ ಬಾಗಿ ಏಳುತ್ತಿತ್ತು. ನಡುನಡುವೆ ಅಣ್ಣೆಸೊಪ್ಪು ಹೂಬಿಟ್ಟು ನಿಂತಿತ್ತು, ತಂಗಡಿಯ ಹಳದಿ ಹೂವು ರಸ್ತೆಯ ಅಂಚಿನವರೆಗೂ ಬಂದಿತ್ತು. ಬೆಳ್ಳನೆಯ ಫ್ಯಾನುಗಳು ದಿಬ್ಬದಿಂದ ದಿಬ್ಬಕ್ಕೆ ಸಾಲಾಗಿ ಹೋಗಿ, ಯಾವ ಅವಸರವೂ ಇಲ್ಲದೆ ತಿರುಗುತ್ತಿದ್ದವು. ಕಾರಿನ ಸದ್ದಿಗೆ ಗೌಜಲಹಕ್ಕಿಗಳು ಬುರ್ರೆಂದು ಎದ್ದು, ಸ್ವಲ್ಪ ಮುಂದೆ ಮತ್ತೆ ಹುಲ್ಲಿನಲ್ಲಿ ಇಳಿದವು. "ಅಯ್ಯ ಶಿವನೇ, ನಮ್ಮ ಸೀಮ್ಯಾಗ ಇಂಥಾದ್ದೈತೇನ! ಇದನ್ನ ಯಾಕ ಯಾರೂ ಹೇಳಲಿಲ್ಲ ನನಗ?" ಎಂದು ಹಂಪಕ್ಕ ಗಾಜಿಗೆ ಮುಖ ಅಂಟಿಸಿದಳು. ಹಾಲಸ್ವಾಮಿಯೂ ಕಣ್ಣು ಕೀಳದೆ ನೋಡಿದ. ಆದರೆ ಜೊತೆಗೆ ಒಳಗೊಳಗೇ ಅವಮಾನವೂ ಆಯಿತು. ಇದೂ ಒಂದು ರಸ್ತೆಯೇ? ಮಂಗಳೂರು ಗಾಡಿಯ ಮೇಲೆ ಡೆಪ್ಯುಟೇಶನ್ ಹೋದಾಗ ಮಳೆಯಲ್ಲಿ ಘಾಟಿ ಇಳಿಸಿದವನು, ಉಚ್ಚಂಗಿದುರ್ಗದ ಹುಣ್ಣಿಮೆಗೆ ಟಾಪಿನ ಮೇಲೂ ಜನ ಹತ್ತಿದ ಗಾಡಿಯನ್ನು ಒಬ್ಬರ ಮೈಯೂ ಅಲುಗದಂತೆ ತಂದವನು. ಈ ಮೆತ್ತನೆಯ, ಮಕ್ಕಳು ಆಟಕ್ಕೆ ಬಳಿದಂಥ ರಸ್ತೆಯಲ್ಲಿ ಅವನನ್ನು ಎಡಗಡೆಗೆ ಕೂರಿಸಿಕೊಂಡು ಕರೆದೊಯ್ಯಬೇಕೇ?

ಒಂದು ಫ್ಯಾನಿನ ಬುಡದಲ್ಲಿ ಕಂಪನಿಯವರು ಗಟ್ಟಿ ಮಣ್ಣು ಹಾಕಿ ಅಗಲವಾಗಿ ಕಟ್ಟೆ ಮಾಡಿದ್ದರು. ಅಲ್ಲಿ ಕಾರು ನಿಲ್ಲಿಸಿ ಬುತ್ತಿ ಬಿಚ್ಚಿದರು. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಹಂಪಕ್ಕ ತಾನೇ ಬಡಿಸಿದಳು. ತಮ್ಮನ ತಟ್ಟೆಯನ್ನು ಅವನ ಮುಂದಿಟ್ಟವಳು ಏನನ್ನೋ ನೆನೆಸಿಕೊಂಡಂತೆ ಅದನ್ನು ಅರ್ಧ ತಿರುವಿ ಇಟ್ಟಳು. ಅವನು ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಬೀಗದ ಕೈ ಪುಷ್ಪಲತಾಳ ಮಡಿಲಲ್ಲಿತ್ತು. ಆ ಗೊಂಚಲಿಗೇ ಅವಳು ತನ್ನ ಹಳೆಯ ಸೀಟಿಯನ್ನೂ ಪೋಣಿಸಿಕೊಂಡಿದ್ದಳು. ಕೈ ತೊಳೆದು ಎದ್ದವನೇ ಹಾಲಸ್ವಾಮಿ ಅವಳ ಮುಂದೆ ಅಂಗೈ ಚಾಚಿದ.

"ಈಗ ನಾ ಹೊಡೀತೀನಿ. ಆ ತುದೀ ತನಕ."

"ನಡು ನೋಯ್ತೈತೆಲ್ಲೋ ತಮ್ಮಾ ನಿನಗ" ಎಂದಳು ಹಂಪಕ್ಕ.

"ಇವತ್ತಿಲ್ಲ."

ಪುಷ್ಪಲತಾ ಅವನ ಮುಖ ನೋಡಿದಳು. ಆಮೇಲೆ ರಸ್ತೆಯನ್ನು ನೋಡಿದಳು. ಹುಲ್ಲಿನ ನಡುವೆ ಅದು ಖಾಲಿಯಾಗಿ ಬಿದ್ದಿತ್ತು. ಬೇಡ ಎಂದರೆ ಅಕ್ಕನ ಎದುರಿಗೆ ಅವನ ಮಾನ ಹೋಗುತ್ತದೆ, ಕೊಟ್ಟರೆ ಏನಾಗುತ್ತದೋ. ಅವಳು ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟು, "ಸಾವಕಾಶ" ಎಂದಷ್ಟೇ ಹೇಳಿ, ಎಡಗಡೆಯ ಮುಂದಿನ ಸೀಟಿಗೆ ಹೋಗಿ ಕೂತು, ಗಾಜನ್ನು ಪೂರಾ ಇಳಿಸಿಕೊಂಡಳು.

ಸ್ಟೇರಿಂಗ್ ಕೈಗೆ ಬಂದದ್ದೇ ಹಾಲಸ್ವಾಮಿಯ ಮೈ ತನ್ನ ಅಳತೆಗೆ ಮರಳಿತು. ಬೆನ್ನು ತಾನಾಗಿ ನೆಟ್ಟಗಾಯಿತು. ಬಸ್ಸಿನ ಮುಂದೆ ಇದು ಆಟಿಕೆ, ಆದರೇನು, ನೆಲ ಅಂಗಾಲಿನ ಕೆಳಗೆ ಓಡುವುದು ಅದೇ ಅಲ್ಲವೇ. ರೈಟ್ ಎಂದು ಪುಷ್ಪಲತಾ ಅಂದಳು, ಸಣ್ಣಗೆ. ಅವನು ಹೊರಟ. ಕುಪ್ಪಳಿಸಲಿಲ್ಲ. ಹಂಪಕ್ಕ ಹಿಂದಿನಿಂದ, "ನೋಡವ್ವ, ಗಾಡಿ ನಿಂತೈತೋ ಹೊಂಟೈತೋ ಗೊತ್ತ ಆಗಾದಿಲ್ಲ!" ಎಂದಾಗ ಅವನಿಗೆ ಮೈಯೆಲ್ಲ ಹೆಮ್ಮೆ ಹರಿಯಿತು. ಕಳೆದ ದಿನಗಳೆಲ್ಲ ಸುಳ್ಳು, ಗೋಡೆಯ ಅಕ್ಷರ ಸುಳ್ಳು, ಕೆಮ್ಮು ಸುಳ್ಳು. ಬಲಗಡೆಗೆ ಹುಲ್ಲು ಅಲೆಯಲೆಯಾಗಿ ಓಡಿತು. ದೂರದಲ್ಲಿ, ಕೆಳಗೆ, ಕೆರೆಯೊಂದು ಬಿಸಿಲಿಗೆ ಹೊಳೆಯಿತು. ರಸ್ತೆ ಕಿರಿದಾಗಿ, ಬಲಕ್ಕೆ ದಿಬ್ಬ, ಎಡಕ್ಕೆ ಇಳಿಜಾರು ಎನ್ನುವ ಕಡೆಗೆ ಬಂದದ್ದನ್ನು ಅವನು ಕಂಡ, ಅಂದರೆ ಬಲದ ದಿಬ್ಬವನ್ನು ಕಂಡ. ಗೇರು ಏರಿಸಿದ. ಬೇಕಿರಲಿಲ್ಲ, ಸಂತೋಷಕ್ಕೆ ಏರಿಸಿದ.

"ಹೋಲ್ಡಾನ್!"

ಆ ದನಿ ಕಿವಿಗೆ ಬಿತ್ತೋ ಕಾಲಿಗೆ ಬಿತ್ತೋ. ಮನಸ್ಸು ಏನು, ಯಾಕೆ ಎಂದು ಕೇಳುವ ಮುಂಚೆಯೇ ಕಾಲು ಬ್ರೇಕನ್ನು ಒತ್ತಿ ನೆಲಕ್ಕಿಳಿಸಿತ್ತು. ಕಾರು ಮಣ್ಣು ಕೆರೆದು ನಿಂತಿತು. ಧೂಳು ಮುಂದಕ್ಕೆ ಹೋಯಿತು. ಎಡಗಡೆಯ ಹುಲ್ಲಿನಿಂದ ಒಂದು ಕುರಿಮರಿ, ಹುಟ್ಟಿ ವಾರವೂ ಆಗದ್ದು, ಮುಂದಿನ ಚಕ್ರದ ಹತ್ತಿರ ನಾಲ್ಕೂ ಕಾಲು ಅಗಲಿಸಿ ನಿಂತಿತ್ತು. ಅದರ ಹಿಂದೆ ಇಳಿಜಾರಿನಿಂದ ಇಡೀ ಹಿಂಡು ಏರಿ ಬರುತ್ತಿತ್ತು, ಕುರಿಗಳ ಗಂಟೆ, ಅರಚುವಿಕೆ, ಎಲ್ಲ ಈಗ ಒಮ್ಮೆಲೇ ಕೇಳಿಸಿತು. ಇದ್ಯಾವುದೂ ಅವನಿಗೆ ಇರಲೇ ಇಲ್ಲ. ಇಷ್ಟು ಹೊತ್ತೂ ಅವನ ಎಡಕ್ಕೆ ಬರೀ ಮಂಜಿತ್ತು. ಇಂಜಿನ್ ಆರಿಸಿ ಬೀಗದ ಕೈಯನ್ನು ಕಿತ್ತುಕೊಂಡ.

ಕಂಬಳಿ ಹೊದ್ದ ಹೆಂಗಸೊಬ್ಬಳು ಓಡಿಬಂದು ಮರಿಯನ್ನು ಎತ್ತಿ ಬಗಲಿಗೆ ಹಾಕಿಕೊಂಡಳು. ಬೈಯುವುದಕ್ಕೆ ಬಾಯಿ ತೆಗೆದವಳು ಎಡಗಡೆಯ ಕಿಟಕಿಯನ್ನು ನೋಡಿ ಬಾಯಿ ಹಾಗೇ ಬಿಟ್ಟಳು. "ಅಯ್ಯ! ಕಂಡಕ್ಟರಕ್ಕ! ನೀವೇನ್ರಿ ಇಲ್ಲಿ? ನಾನ್ರಿ, ಅಂಜಿನಕ್ಕ. ಹರಪನಹಳ್ಳಿ ಸಂತಿಗೆ ಮರಿ ಹಿಡಕೊಂಡು ಬರ್ತಿದ್ದೆ, ನೀವು ಮರಿಗೂ ಟಿಕೀಟ ಕೇಳ್ತಿದ್ರಿ!" ಪುಷ್ಪಲತಾ ಇಳಿದು ಅವಳ ಕೈ ಹಿಡಿದಳು, ಇಬ್ಬರೂ ನಕ್ಕರು. ಹಾಲಸ್ವಾಮಿಯೂ ಇಳಿದ. ಅಂಜಿನಕ್ಕ ಅವನನ್ನು ನೋಡಿ ಯಾರೋ ಪರಸ್ಥಳದವರಿಗೆ ಮಾಡುವಂತೆ ನಮಸ್ಕಾರ ಮಾಡಿದಳು. ಇಷ್ಟು ವರ್ಷ ಇವಳನ್ನು ಹೊತ್ತು ತಿರುಗಿದ್ದೇನೆ, ಗುರುತಿಲ್ಲ. ಪೆಟ್ಟಿನ ಮೇಲೆ ಪೆಟ್ಟು ಎಂದುಕೊಂಡು ಅವನು ಮುಖ ತಿರುಗಿಸಿ, ಫ್ಯಾನಿನ ಕಡೆ ನೋಡುತ್ತಾ ನಿಂತ. ಆಗ ಬೆನ್ನ ಹಿಂದಿನಿಂದ, "ಓ! ಈಗ ಗುರ್ತಾತು ನೋಡ್ರಿ. ನಮ್ಮ ಡ್ರೈವರ್ ಸ್ವಾಮೇರು!" ಎಂದಳು ಅಂಜಿನಕ್ಕ. "ನಿಮ್ಮ ಮಕ ಯಾರ್ ನೋಡ್ಯಾರ್ರಿ? ಹಿಂದಿನ ಕುತ್ತಿಗಿ ನೋಡಿದ್ರ ಮಾತ್ರ ಗುರ್ತ ಸಿಗತೈತಿ. ನಿಮ್ಮ ಗಾಡ್ಯಾಗ ನನ್ನ ಬಸರಿ ಮಗಳನ್ನ ಹಡಿಯಾಕ ಕರಕೊಂಡು ಹೋಗಿದ್ನಿ. ಒಂದು ಕುಲುಕು ಕುಲುಕಲಿಲ್ಲ ನೀವು." ಹಾಲಸ್ವಾಮಿಗೆ ಆ ದಿನ ನೆನಪಿಲ್ಲ. ಆದರೆ ಕಣ್ಣು ತುಂಬಿದವು, ಎರಡೂ. ಕಾಣದ ಕಣ್ಣಿಗೂ ನೀರು ಬರುತ್ತದೆ ಎಂಬುದು ಅವನಿಗೆ ಅಚ್ಚರಿಯಾಯಿತು.

"ಮುಂದ ಎಲ್ಲಿಗೆ ಹೊಂಟೀರಿ? ಅಲ್ಲಿ ಮಳ್ಯಾಗ ದಾರಿ ಕಿತ್ತುಹೋಗೈತ್ರಿ" ಎಂದು ಅಂಜಿನಕ್ಕ ಹೇಳಿದಳು. "ಇಲ್ಲಿ ತಿರುಗ್ಸಾಕ ಜಾಗ ಇಲ್ಲ. ಆ ಫ್ಯಾನಿನ ಕಟ್ಟಿ ತನಕ ಹಿಂದಕ್ಕ ಹೋಗಬೇಕು."

ಪುಷ್ಪಲತಾಳ ಮುಖ ಸಣ್ಣಗಾಯಿತು. ಹಿಂದಕ್ಕೆ ತೆಗೆಯುವುದೆಂದರೆ ಅವಳಿಗೆ ಜ್ವರ ಬಂದಂತಾಗುತ್ತಿತ್ತು. ಲೈಸೆನ್ಸ್ ಕೊಡುವ ದಿನ ಹೇಗೋ ದಾಟಿಕೊಂಡಿದ್ದಳು, ಆಮೇಲೆ ಅದರ ಹತ್ತಿರ ಹೋಗಿರಲಿಲ್ಲ. ಮನೆಯ ಮುಂದೆ ಹಿಂದಕ್ಕೆ ತೆಗೆಯುವುದು ತಪ್ಪಲಿ ಎಂದು ಇಡೀ ಓಣಿಯನ್ನು ಸುತ್ತು ಹಾಕಿ ಬರುತ್ತಿದ್ದಳು. ಇಲ್ಲಿ ಒಂದು ಕಡೆ ದಿಬ್ಬ, ಇನ್ನೊಂದು ಕಡೆ ಹುಲ್ಲು ಮುಚ್ಚಿದ ಇಳಿಜಾರು, ಅಂಚು ಎಲ್ಲಿ ಮುಗಿಯುತ್ತದೆ ಎಂದು ಗೊತ್ತಾಗದು. ಹಂಪಕ್ಕ, "ಅದಕ್ಯಾಕ ಅಷ್ಟು ವಿಚಾರ? ಹಾಲಸ್ವಾಮಿ ಅದಾನಲ್ಲ, ತೆಗೀತಾನ" ಎಂದಳು. ಎಲ್ಲರೂ ಅವನತ್ತ ನೋಡಿದರು. ಅವನಿಗೂ ಒಂದು ಗಳಿಗೆ ಆಸೆಯಾಯಿತು. ಇಷ್ಟು ದೂರ ಹಿಂದಕ್ಕೆ ತೆಗೆಯುವುದು ಅವನಿಗೆ ಎಡಗೈ ಕೆಲಸ. ಆದರೆ ಇಳಿಜಾರು ಎಡಗಡೆಗಿತ್ತು. ಕಾರಿನಲ್ಲಿ ಅಕ್ಕ ಇರುತ್ತಾಳೆ, ಹೆಂಡತಿ ಇರುತ್ತಾಳೆ. ಬಸ್ಸಿನಲ್ಲೂ ಅವರಂಥವರೇ ಇದ್ದರಲ್ಲ, ಆ ದಿನಗಳಲ್ಲಿ, ಎಡಕ್ಕೆ ಮಂಜಿಟ್ಟುಕೊಂಡು ಓಡಿಸಿದ ದಿನಗಳಲ್ಲಿ.

"ನಾ ತೆಗಿಯಾದಿಲ್ಲ" ಎಂದ. ದನಿ ಬೇಕಾದ್ದಕ್ಕಿಂತ ದೊಡ್ಡದಾಯಿತು, ಕುರಿಗಳೂ ತಲೆಯೆತ್ತಿದವು. "ನನಗ ಎಡಗಣ್ಣು ಕಾಣಾದಿಲ್ಲ ಅಕ್ಕಾ. ನಡುನೋವಲ್ಲ ಅದು. ಕಣ್ಣು ಹೋಗೈತಿ, ಅದಕ್ಕ ಗಾಡಿ ಬಿಡಿಸಿದ್ರು."

ಗಾಳಿ ಬೀಸುತ್ತಿತ್ತು. ಮೇಲೆ ಫ್ಯಾನಿನ ರೆಕ್ಕೆ ಊಂ ಎಂದು ತಿರುಗಿ ಹೋಯಿತು. ಹಂಪಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡು, "ಗೊತ್ತೈತೇಳು" ಎಂದಳು. "ಬಂದ ದಿನನೇ ಗೊತ್ತಾತು. ಎಡಕ್ಕ ಹಾಕಿದ ಚಟ್ನಿ ಮುಟ್ಟಲಿಲ್ಲ ನೀನು. ಹುಟ್ಟಾ ಚಟ್ನಿಬಾಕ ನೀ, ಅದನ್ನ ಬಿಡ್ತೀಯೇನು? ಇವತ್ತು ಬಲಕ್ಕ ತಿರುಗಿಸಿ ಇಟ್ನಿ, ನೆಕ್ಕಿದಿ." ಇಷ್ಟು ದಿನ ಎದೆ ಉಬ್ಬಿಸಿಕೊಂಡು ಕಾದಿದ್ದ ಗುಟ್ಟು ಒಂದು ಬೆರಳು ಶೇಂಗಾ ಚಟ್ನಿಯಲ್ಲಿ ಬಯಲಾಗಿತ್ತು. ಹಾಲಸ್ವಾಮಿಗೆ ಮೊದಲು ಸಿಟ್ಟು ಬಂತು, ಹಿಂದೆಯೇ ನಗು ಬಂತು, ನಕ್ಕ. ನಕ್ಕ ಮೇಲೆ ಮೈ ಹಗುರಾಯಿತು. ಗೊಂಚಲಿನಿಂದ ಸೀಟಿಯನ್ನು ಬಿಡಿಸಿಕೊಂಡು ಬೀಗದ ಕೈಯನ್ನು ಹೆಂಡತಿಗೆ ಕೊಟ್ಟ.

"ಕೂಡು. ನಾ ಹಿಂದ ನಿಲ್ತೀನಿ."

"ನನಗ ಬರಾದಿಲ್ರಿ."

"ನನಗ ಬರ್ತಿತ್ತೇನು? ನಿನ್ನ ಸೀಟಿ ಬರ್ತಿತ್ತು, ನಾ ಬರ್ತಿದ್ದೆ."

ಕಾರಿನ ಹಿಂದೆ ಹೋಗಿ ನಿಂತು ಸೀಟಿಯನ್ನು ಬಾಯಿಗಿಟ್ಟ. ಜನ್ಮದಲ್ಲಿ ಊದಿದವನಲ್ಲ. ಮೊದಲನೇ ಸಲ ಬರೀ ಗಾಳಿ ಬಂತು, ಉಗುಳು ಬಂತು. ಅಂಜಿನಕ್ಕ ನಗು ತಡೆಯಲು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು. ಎರಡನೇ ಸಲ ದನಿ ಹೊರಟಿತು, ಗುಡ್ಡದ ಮೇಲೆಲ್ಲ ಹರಡಿತು. ಕಾರಿನ ಹಿಂದಿನ ಬಿಳೀ ದೀಪ ಹತ್ತಿತು, ಕಾರು ಅವನ ಕಡೆಗೆ ಒಂದು ಗೇಣು ಬಂತು, ಒಂದು ಮಾರು ಬಂತು. ಸೀಟಿ ಊದುತ್ತಿರುವವರೆಗೆ ಬರಬೇಕು, ನಿಂತರೆ ನಿಲ್ಲಬೇಕು. ಕನ್ನಡಿಯಲ್ಲಿ ಅವಳ ಮುಖ ಕಂಡಿತು. ಅವಳು ಕನ್ನಡಿಯನ್ನು ನೋಡುತ್ತಿರಲಿಲ್ಲ. ಹಿಂದಕ್ಕೆ ತಿರುಗಿಯೂ ನೋಡುತ್ತಿರಲಿಲ್ಲ. ಮುಂದೆ ನೋಡುತ್ತಾ, ಬರೀ ಕಿವಿಯಿಂದ, ಅವನು ಊದಿದತ್ತ ಬರುತ್ತಿದ್ದಳು. ಅವನಿಗೆ ದಿಗಿಲಾಯಿತು. ಇಷ್ಟು ನಂಬಿಕೆಯೇ? ಗುಡೇಕೋಟೆಯಲ್ಲಿ ಕೆರೆಯ ಏರಿಯ ಮಗ್ಗುಲಲ್ಲಿ ಬಸ್ಸನ್ನು ತಿರುಗಿಸುವಾಗ ಅವನೂ ಹೀಗೆಯೇ, ಹಿಂದೆ ನೀರಿದೆ ಎಂದು ಗೊತ್ತಿದ್ದೂ, ಬೀಡಿ ಹಚ್ಚಿಕೊಳ್ಳುತ್ತಾ ಹಿಂದಕ್ಕೆ ಬರುತ್ತಿದ್ದ. ಆ ನೀರಿನ ಅಂಚಿನಲ್ಲಿ, ಮಳೆಯಲ್ಲಿ, ಬಿಸಿಲಿನಲ್ಲಿ, ಮೊಣಕೈ ನೋವಿಟ್ಟುಕೊಂಡು ಇವಳು ನಿಂತಿರುತ್ತಿದ್ದಳು. ಅಷ್ಟೂ ಜನರ ಭಾರ ಇವಳ ಉಸಿರಿನ ಮೇಲಿತ್ತು. ಅವನು ಅದನ್ನು ಬರೀ ಸೀಟಿ ಅಂದುಕೊಂಡಿದ್ದ.

ಎಡದ ಅಂಚು ಅವನಿಗೆ ಕಾಣುತ್ತಿರಲಿಲ್ಲ. ಯಾರು ನೋಡಿದರೂ ನೋಡಲಿ ಎಂದು ಕುತ್ತಿಗೆಯನ್ನು ಪೂರಾ ಎಡಕ್ಕೆ ತಿರುಗಿಸಿ, ಒಳ್ಳೆಯ ಕಣ್ಣನ್ನು ಆ ಅಂಚಿಗೆ ತಂದ. ಕಾಲಿನಿಂದ ಹುಲ್ಲನ್ನು ತುಳಿದು ಗಟ್ಟಿ ನೆಲ ಎಲ್ಲಿಯವರೆಗಿದೆ ಎಂದು ನೋಡಿಕೊಂಡ. ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಊದಿದ. ಒಂದು ಕಡೆ ಚಕ್ರ ಅಂಚಿಗೆ ತೀರ ಹತ್ತಿರ ಬಂದಾಗ ಸೀಟಿ ನಿಲ್ಲಿಸಿದ, ಕಾರು ಅದೇ ಕ್ಷಣ ನಿಂತಿತು. "ಬಲಕ್ಕ ಸ್ವಲ್ಪ! ಬರ್ಲಿ, ಬರ್ಲಿ, ಬರ್ಲಿ!" ಅದೇ ಮಾತು, ಅವಳ ಮಾತೇ, ಅವನ ಬಾಯಲ್ಲಿ ಅವಳ ರಾಗದಲ್ಲಿಯೇ ಬಂತು. ಕಾರು ಸರಿದುಕೊಂಡಿತು. ತಿರುವಿನಲ್ಲಿ ಅವಳು ಸ್ಟೇರಿಂಗನ್ನು ಎಷ್ಟು ಬೇಕೋ ಅಷ್ಟೇ ತಿರುಗಿಸಿದಳು, ಗೆರೆ ಎಳೆದ ಹಾಗೆ ಬಂದಳು. ಪ್ರವೀಣಕುಮಾರನಿಗೆ ಬರುತ್ತದೆಯೇ ಇದು? ಡಿಪೋದ ಯಾವ ಗಂಡಸಿಗೆ ಬರುತ್ತದೆ? ಅವನು ಸೀಟಿಯನ್ನು ಇನ್ನಷ್ಟು ಜೋರಾಗಿ ಊದಿದ. ಇಷ್ಟು ಹೆಮ್ಮೆ ಅವನಿಗೆ ಘಾಟಿ ಇಳಿಸಿದ ದಿನವೂ ಆಗಿರಲಿಲ್ಲ. ಅದು ತನ್ನದೋ ಅವಳದೋ ಎಂದು ಬೇರೆ ಮಾಡಲು ಬರುವಂತಿರಲಿಲ್ಲ. ಫ್ಯಾನಿನ ಕಟ್ಟೆ ಬಂತು. ಅವಳು ಕಾರನ್ನು ತಿರುಗಿಸಿ, ಇಳಿಯುವ ದಾರಿಗೆ ಮುಖ ಮಾಡಿ ನಿಲ್ಲಿಸಿದಳು. ದೂರದಲ್ಲಿ ಅಂಜಿನಕ್ಕ, ಬಗಲಲ್ಲಿ ಮರಿಯೊಂದಿಗೆ, ಕೋಲು ಎತ್ತಿ ಬೀಸಿದಳು.

ಹಾಲಸ್ವಾಮಿ ಬಂದು ಎಡಗಡೆಯ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡ. ಪುಷ್ಪಲತಾಳ ಕುತ್ತಿಗೆಯ ಮೇಲೆ ಬೆವರು ಹರಿದಿತ್ತು, ಕಣ್ಣು ಹೊಳೆಯುತ್ತಿದ್ದವು. ಗೇರು ಹಾಕಿದಳು. ಕ್ಲಚ್ಚು ಒತ್ತಿಕೊಂಡು, ಮುಂದೆ ನೋಡುತ್ತಾ, ಕೂತಳು. ಕಾರು ಹೊರಡಲಿಲ್ಲ.

"ಮತ್ಯಾರ್ನ ಕಾಯಾಕ ಹತ್ತೀಯವ್ವ?" ಎಂದಳು ಹಂಪಕ್ಕ.

ಹಾಲಸ್ವಾಮಿ ಗಾಜಿನಾಚೆಗೆ ಕೈ ಚಾಚಿ, ಬಾಗಿಲ ತಗಡನ್ನು ಅಂಗೈಯಿಂದ ಎರಡು ಸಲ ಬಡಿದ. ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಕೊನೆಯ ಪ್ಲಾಟ್‌ಫಾರ್ಮಿಗೂ ಕೇಳಿಸಬೇಕು, ಅಂಥ ದನಿಯಲ್ಲಿ ಕೂಗಿದ.

"ರೈಟ್, ಡ್ರೈವರ್ರೇ! ರೈಟ್, ರೈಟ್!"

ಕಾರು ಕುಪ್ಪಳಿಸಲಿಲ್ಲ. ಗುಡ್ಡ ಇಳಿದು ಡಾಂಬರು ರಸ್ತೆಗೆ ಬಂದು ಕೂಡ್ಲಿಗಿಯ ಕಡೆಗೆ ತಿರುಗಿದಾಗ ಇನ್ನೂ ಒಳ್ಳೆಯ ಬೆಳಕಿತ್ತು. ಈಗ ಗುಡ್ಡ ಬಲಗಡೆಗೆ ಬಂದಿತ್ತು. ಹೆಂಡತಿಯ ಮುಖದ ಆಚೆಗೆ ಅದು ಉದ್ದಕ್ಕೂ, ಹುಲ್ಲು, ಫ್ಯಾನು, ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಹಾಲಸ್ವಾಮಿ ಮುಗಿಯುವ ತನಕ ನೋಡಿದ.